ದೇವರ ಕೋಣೆಯಲ್ಲಿ ಗೆದ್ದ ಆಟ

ಕಳೆದ ವರ್ಷ ದಸರಾ ರಜೆಗೆ ಹೆಂಡತಿಯ ತವರು ಕುಣಿಗಲ್‌ಗೆ ಹೋಗಿದ್ದೆವು. ಊಟವಾದ ಮೇಲೆ ನಾನು ಸೋಫಾದ ಮೂಲೆ ಹಿಡಿದು ಫೋನಿನಲ್ಲಿ ನನ್ನ ಮಾಮೂಲಿ ಆಟ ಆಡುತ್ತಿದ್ದೆ. ಅದೊಂದು ಯುದ್ಧದ ಆಟ. ಶುರುವಿನಲ್ಲಿ ಒಂದು ಗುಡಿಸಲು, ನಾಲ್ಕು ಜನ ಆಳು. ಅವರಿಂದ ಸೌದೆ ಕಡಿಸಿ, ಕಲ್ಲು ತೆಗೆಸಿ, ದವಸ ಬೆಳೆಸಿ, ಕೋಟೆ ಕಟ್ಟಿ, ಸೈನ್ಯ ಸೇರಿಸಿ ಎದುರಾಳಿಯ ಕೋಟೆ ಹಿಡಿಯಬೇಕು. ಎದುರಾಳಿ ಎಂದರೆ ಬೇರೆ ಯಾರೂ ಅಲ್ಲ, ಫೋನೇ. ಮೂರು ವರ್ಷದಿಂದ ಅದನ್ನು ಸೋಲಿಸಿ ಸೋಲಿಸಿ ನಾನೊಬ್ಬ ದೊಡ್ಡ ದಂಡನಾಯಕ ಎಂದುಕೊಂಡಿದ್ದೆ.

ನನ್ನ ಭಾಮೈದ ಮಂಜುನಾಥ ಹಿಂದಿನಿಂದ ಬಗ್ಗಿ ನೋಡಿ ನಕ್ಕ. ಕುಣಿಗಲ್‌ನಲ್ಲಿ ಅವನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅವನೂ ಇದೇ ಆಟ ಆಡುತ್ತಾನೆಂದು ನನಗೆ ಗೊತ್ತಿರಲಿಲ್ಲ.

"ಏನ್ ಭಾವ, ಇನ್ನೂ ಕಂಪ್ಯೂಟರ್ ಜೊತೇನೇ ಆಡ್ತಿದೀರಾ? ಅದು ಸೋಲೋದಕ್ಕೆ ಅಂತಾನೇ ಇರೋದು. ಧೈರ್ಯ ಇದ್ರೆ ರ‍್ಯಾಂಕ್ಡ್ ಆಡಿ" ಎಂದ.

ರ‍್ಯಾಂಕ್ಡ್ ಎಂದರೆ ಏನೆಂದು ಅವನೇ ತೋರಿಸಿಕೊಟ್ಟ. ಅಲ್ಲಿ ಎದುರಿಗಿರುವುದು ನಿಜವಾದ ಮನುಷ್ಯ, ನಮ್ಮಷ್ಟೇ ಕೈ ಪಳಗಿದವನು, ಎಲ್ಲಿಯವನೋ ಏನೋ. ಗೆದ್ದರೆ ಪಾಯಿಂಟ್ ಏರುತ್ತದೆ, ಸೋತರೆ ಇಳಿಯುತ್ತದೆ. ಮಣ್ಣಿನಿಂದ ಶುರುವಾಗಿ ಕಂಚು, ಬೆಳ್ಳಿ, ಚಿನ್ನ ಎಂದು ಮೆಟ್ಟಿಲುಗಳು. ಮಧ್ಯದಲ್ಲಿ ನಿಲ್ಲಿಸುವಂತಿಲ್ಲ. ಎದ್ದು ಹೋದರೆ ಸೋತ ಹಾಗೆ, ಮೇಲೆ ದಂಡ ಬೇರೆ. ಸೀಸನ್ ಮುಗಿದರೆ ಎಲ್ಲರೂ ಮತ್ತೆ ಕೆಳಗಿನಿಂದ ಶುರು ಮಾಡಬೇಕು; ಅದಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಮಂಜುನಾಥ ಆಗಲೇ ಚಿನ್ನದಲ್ಲಿದ್ದ. ಅವತ್ತು ಸಂಜೆಯೊಳಗೆ ನಾನು ಐದು ಆಟ ಆಡಿ ಐದೂ ಸೋತೆ. ನಾನು ಕಣಜ ಕಟ್ಟುತ್ತಾ ಕೂತಿದ್ದರೆ ಎದುರಿನವನು ಐದೇ ನಿಮಿಷಕ್ಕೆ ಕುದುರೆ ನುಗ್ಗಿಸಿಬಿಡುತ್ತಿದ್ದ. ನಲವತ್ತೇಳು ವರ್ಷದ ನನಗೆ ಭಾಮೈದನ ಮುಂದೆ ಆದ ಅವಮಾನ ಸಣ್ಣದಲ್ಲ. ಚಿನ್ನ ಮುಟ್ಟಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಹಠ ತೊಟ್ಟೆ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಗುಬ್ಬಿಯ ಒಂದು ಕಾಲೇಜಿನ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಮನೆಯಲ್ಲಿ ಅಮ್ಮ, ಹೆಂಡತಿ ಉಮಾ, ಪಿಯುಸಿ ಓದುವ ಮಗಳು. ಮಗಳ ಓದು ಹಾಳಾಗಬಾರದೆಂದು ನಾನೇ ಒಂದು ಕಾನೂನು ಮಾಡಿದ್ದೆ: ಸಂಜೆ ಆರರ ಮೇಲೆ ಎಲ್ಲರ ಫೋನೂ ಫ್ರಿಜ್ಜಿನ ಮೇಲಿನ ಬುಟ್ಟಿಗೆ. ಹೀಗಾಗಿ ಆಡುವುದಾದರೂ ಎಲ್ಲಿ? ಬಸ್ಸಿನಲ್ಲಿ ಆಡಿದರೆ ದಾರಿಯಲ್ಲಿ ನೆಟ್‌ವರ್ಕ್ ಕೈಕೊಟ್ಟು ಗೆಲ್ಲುವ ಆಟವೂ ಸೋಲುತ್ತಿತ್ತು. ಕಾಲೇಜಿನಲ್ಲಿ ಆಡುವಷ್ಟು ಮಾನಗೆಟ್ಟಿರಲಿಲ್ಲ. ಮಾನಗೆಡುವುದಕ್ಕೆ ಬೇರೆ ಜಾಗ ಕಾದಿತ್ತು.

ನಮ್ಮದು ಲಿಂಗಪೂಜೆ ಇರುವ ಮನೆ. ಪೂಜೆಗೆ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ, ಯಾರೂ ಕರೆಯುವುದಿಲ್ಲ. ಹಾಗಲವಾಡಿಯ ನಮ್ಮ ತಾತ ಪೂಜೆಗೆ ಕೂತಿದ್ದಾಗ ತಹಶೀಲ್ದಾರರೇ ಬಂದು ಜಗಲಿ ಮೇಲೆ ಒಂದು ಗಂಟೆ ಕಾದಿದ್ದರಂತೆ. ಅಮ್ಮ ಈ ಕತೆಯನ್ನು ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ನಾನು ಮಾತ್ರ ಸಂಜೆ ಹತ್ತು ನಿಮಿಷ ಕಾಟಾಚಾರಕ್ಕೆ ಕೂತು ಏಳುತ್ತಿದ್ದೆ. ಕುಣಿಗಲ್‌ನಿಂದ ಬಂದ ವಾರದಲ್ಲೇ ಒಂದು ಸಂಜೆ, ಬೀರುವಿನಲ್ಲಿದ್ದ ಹಳೇ ಫೋನಿಗೆ ಇನ್ನೊಂದು ಸಿಮ್ ಹಾಕಿ, ಅದನ್ನು ಪಂಚೆಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ದೇವರ ಕೋಣೆಗೆ ಹೋದೆ. ಒಂದೇ ಒಂದು ಆಟ ಎಂದುಕೊಂಡೆ. ಬಾಗಿಲಿಗೆ ಬೆನ್ನು ಹಾಕಿ ಮಣೆಯ ಮೇಲೆ ಕೂತು, ಸದ್ದು ಆರಿಸಿ, ಫೋನನ್ನು ಎಡ ಅಂಗೈಯಲ್ಲಿಟ್ಟುಕೊಂಡೆ. ಲಿಂಗ ಹಿಡಿಯುವುದೂ ಎಡ ಅಂಗೈಯಲ್ಲೇ. ಹಿಂದಿನಿಂದ ನೋಡಿದವರಿಗೆ ಒಂದಿಷ್ಟೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಐವತ್ತು ನಿಮಿಷವಾದ ಮೇಲೆ ಆಚೆ ಬಂದರೆ ಅಮ್ಮ ಕಾಫಿ ಹಿಡಿದು ನಿಂತಿದ್ದಳು. "ಈಗ ಬಂತು ನೋಡು ನಿಂಗೆ ನಿಮ್ ತಾತನ ಗುಣ" ಎಂದಳು. ಅವಳ ಮುಖ ಅರಳಿತ್ತು. ಆಗಲೇ ಬಾಯಿಬಿಡಬೇಕಿತ್ತು. ನಾನು ಕಾಫಿ ಕುಡಿದೆ.

ಅಲ್ಲಿಂದ ದಿನಾ ಒಂದು ಗಂಟೆ ನನ್ನ "ಪೂಜೆ". ಬಸ್ಸಿನಲ್ಲಿ ಗೆಲ್ಲುವವರ ವಿಡಿಯೋ ನೋಡುತ್ತಿದ್ದೆ, ಆಳುಗಳನ್ನು ಯಾವಾಗ ಸೌದೆಗೆ ಕಳಿಸಬೇಕು, ಯಾವಾಗ ಕಲ್ಲಿಗೆ ಎಂದು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಮಣ್ಣಿನಿಂದ ಕಂಚಿಗೆ, ಕಂಚಿನಿಂದ ಬೆಳ್ಳಿಗೆ ಏರಿದೆ. ಸುಳ್ಳೇಕೆ, ಆ ಖುಷಿಯೇ ಬೇರೆ. ಕಚೇರಿಯಲ್ಲಿ ಇಪ್ಪತ್ತು ವರ್ಷ ದುಡಿದರೂ ಯಾರೂ ನನ್ನನ್ನು ಹೀಗೆ ಮೇಲೆ ಹತ್ತಿಸಿರಲಿಲ್ಲ. ಸೋತ ದಿನ ಮುಖ ಊದಿಸಿಕೊಂಡು ಬರುತ್ತಿದ್ದೆ. ಪೂಜೆ ಮಾಡಿ ಬಂದವರ ಮುಖ ಹೀಗಿರುತ್ತದೆಯೇ ಎಂದು ಉಮಾ ಒಂದೆರಡು ಸಲ ಕೇಳಿದಳು. ಅಮ್ಮ ಅವಳನ್ನೇ ಗದರಿಕೊಂಡಳು. ಅಷ್ಟರಲ್ಲಿ ಅಮ್ಮ ನನ್ನ ಭಕ್ತಿಯ ಸುದ್ದಿಯನ್ನು ನೆಂಟರಿಗೆಲ್ಲ ಮುಟ್ಟಿಸಿಯಾಗಿತ್ತು. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಚಿಕ್ಕಮ್ಮ, ತನ್ನ ಮಕ್ಕಳಿಗೂ ಸ್ವಲ್ಪ ಬುದ್ಧಿ ಹೇಳಬೇಕೆಂದು ನನ್ನನ್ನು ಕೇಳಿಕೊಂಡಳು. ಹೇಳುತ್ತೇನೆ ಎಂದೆ. ನನ್ನ ದಪ್ಪ ಚರ್ಮಕ್ಕೆ ಆಗಲೂ ಏನೂ ಚುಚ್ಚಲಿಲ್ಲ.

ಕಾರ್ತಿಕದ ಕೊನೆಯ ಸೋಮವಾರ ಬಂತು. ಆಟದ ಸೀಸನ್ ಮುಗಿಯುವುದೂ ಅವತ್ತೇ. ಚಿನ್ನಕ್ಕೆ ಇನ್ನೊಂದೇ ಗೆಲುವು ಬೇಕಿತ್ತು. ಉಮಾ, ಮಗಳು ಇಬ್ಬರೂ ದೀಪ ಹಚ್ಚಲು ಕ್ಯಾತ್ಸಂದ್ರದ ಗುಡಿಗೆ ಹೊರಟರು. ನನ್ನನ್ನೂ ಕರೆದರು. ನಾನು ಮನೆಯಲ್ಲೇ ಪೂಜೆಗೆ ಕೂರುತ್ತೇನೆ ಎಂದೆ. ಅಮ್ಮ ನನ್ನ ಪರವಾಗಿ ತಲೆಯಾಡಿಸಿದಳು.

ಆರೂ ಕಾಲಿಗೆ ಆಟ ಶುರುವಾಯಿತು. ಎದುರಿನವನು ಗಟ್ಟಿಗ. ಅರ್ಧ ಗಂಟೆಯಾಗುವಷ್ಟರಲ್ಲಿ ನನ್ನ ಒಂದು ಕಡೆಯ ಗೋಡೆ ಒಡೆದು ಒಳಗೆ ನುಗ್ಗಿದ್ದ. ಆಗಲೇ ಹಿತ್ತಲಲ್ಲಿ ಸ್ಟೀಲ್ ಬಿಂದಿಗೆ ದಡಾರನೆ ಬಿದ್ದು ಉರುಳಿದ ಸದ್ದಾಯಿತು. ಅದರ ಹಿಂದೆಯೇ ಒಂದು ಸಣ್ಣ ದನಿ. ಬೆಕ್ಕು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬೆಕ್ಕು ಎಂದು ನನಗೆ ನಾನೇ ಹೇಳಿಕೊಂಡೆ. ಎದ್ದರೆ ಚಿನ್ನ ಹೋಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಬಾಗಿಲು ಕಿರ್ರೆಂದಿತು. ಹಾಲ್‌ನ ಬೆಳಕು ಎದುರು ಗೋಡೆಯ ಮೇಲೆ ಉದ್ದಕ್ಕೆ ಬಿತ್ತು. ನಾನು ತಿರುಗಲಿಲ್ಲ. ಅಂಗೈಯನ್ನು ಎದೆಯ ಹತ್ತಿರಕ್ಕೆ ತಂದುಕೊಂಡು ತಲೆಯನ್ನು ಇನ್ನಷ್ಟು ಬಗ್ಗಿಸಿದೆ. ಬಾಗಿಲು ಮತ್ತೆ ಮೆಲ್ಲಗೆ ಮುಚ್ಚಿಕೊಂಡಿತು. ಸದ್ಯ, ಬಚಾವಾದೆ ಎಂದು ಉಸಿರು ಬಿಟ್ಟೆ. ಆ ಉಸಿರು ನೆನಪಾದರೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಏಳೂ ಕಾಲು ದಾಟಿದ ಮೇಲೆ ಆಟ ಮುಗಿಯಿತು. ಗೆದ್ದೆ. ಪರದೆಯ ಮೇಲೆ ಚಿನ್ನದ ಕಿರೀಟ ಮಿಂಚಿತು. ಅದರ ಫೋಟೋ ತೆಗೆದು ಮಂಜುನಾಥನಿಗೆ ಕಳಿಸಿದೆ. ಫೋನನ್ನು ಪಂಚೆಗೆ ಸಿಕ್ಕಿಸಿ, ಹಣೆಗೆ ದಪ್ಪನಾಗಿ ವಿಭೂತಿ ಬಳಿದುಕೊಂಡು, ಮುಖವನ್ನು ಶಾಂತ ಮಾಡಿಕೊಂಡು ಆಚೆ ಬಂದೆ.

ಅಮ್ಮ ಹಾಲ್‌ನಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಸೀರೆಯೆಲ್ಲ ಒದ್ದೆ. ಎಡಗೈಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ತುಟಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ತಲೆಯೆತ್ತಿ ಕೇಳಿದಳು:

"ಆಯ್ತೇನಪ್ಪಾ ಪೂಜೆ?"

ಸೆರಗು ಸರಿಸಿ ನೋಡಿದೆ. ಮಣಿಕಟ್ಟು ಸೊಟ್ಟಗಾಗಿ ಮುಂಗೈಯೆಲ್ಲ ಬಾತುಕೊಂಡಿತ್ತು. ನೀರು ತರುವಾಗ ಹಿತ್ತಲ ಪಾಚಿಯ ಮೇಲೆ ಕಾಲು ಜಾರಿತಂತೆ. ಗೋಡೆ ಹಿಡಿದುಕೊಂಡು ಎದ್ದು ಬಂದಳಂತೆ. ಯಾಕೆ ಕರೆಯಲಿಲ್ಲ ಎಂದು ನಾನು ಅವಳನ್ನೇ ದಬಾಯಿಸಿದೆ. ಆ ಪ್ರಶ್ನೆ ಕೇಳಲು ನನಗೆ ಬಾಯಾದರೂ ಹೇಗೆ ಬಂತೋ.

ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿದ್ದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅಮ್ಮನ ಕೈಯಲ್ಲಿ ಒಂದೇ ಒಂದು ಚಿನ್ನದ ಬಳೆ ಇತ್ತು, ನಾನು ಹುಟ್ಟಿದಾಗ ಅವಳ ತವರಿನವರು ಹಾಕಿದ್ದು. ಊದಿಕೊಂಡ ಮಾಂಸದೊಳಗೆ ಅದು ಹೂತುಹೋಗಿತ್ತು, ಬೆರಳುಗಳು ನೀಲಿಗಟ್ಟಿದ್ದವು. ಕತ್ತರಿಸಿಯೇ ತೆಗೆಯಬೇಕಾಯಿತು. ಬಿದ್ದ ಕೂಡಲೇ ಯಾರಾದರೂ ಬಳೆ ಜಾರಿಸಿ ತೆಗೆದಿದ್ದರೆ ಇಷ್ಟು ಕಷ್ಟ ಆಗುತ್ತಿರಲಿಲ್ಲ, ಮನೆಯಲ್ಲಿ ಯಾರೂ ಇರಲಿಲ್ಲವೇ ಎಂದು ಡಾಕ್ಟರು ಕೇಳಿದರು.

"ನನ್ ಮಗ ಇದ್ದ, ಪೂಜೇಲಿದ್ದ ಕಣವ್ವ" ಎಂದಳು ಅಮ್ಮ. "ಬಾಗ್ಲು ತೆಗ್ದು ನೋಡ್ದೆ. ಎಂಗೆ ಮುಳುಗೋಗಿದ್ದ ಅಂದ್ರೆ, ಎಬ್ಬಿಸಾಕೆ ಮನ್ಸೇ ಬರ್ಲಿಲ್ಲ."

ಆ ನೋವಿನಲ್ಲೂ ಅವಳ ದನಿಯಲ್ಲಿ ಹೆಮ್ಮೆ ಇತ್ತು. ಡಾಕ್ಟರು ನನ್ನ ಹಣೆಯ ವಿಭೂತಿಯನ್ನೊಮ್ಮೆ ನೋಡಿ ಮತ್ತೆ ಅಮ್ಮನ ಕೈಯತ್ತ ತಿರುಗಿದರು. ಅದೇ ಹೊತ್ತಿಗೆ ಸೊಂಟದಲ್ಲಿದ್ದ ಫೋನ್ ಗುರ್ರೆಂದಿತು. ಮಂಜುನಾಥನ ಅಭಿನಂದನೆ. ಕಾರಿಡಾರಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಕೊಂಡೆ.

ಮಾರನೇ ಬೆಳಿಗ್ಗೆ ಇನ್ನೊಂದು ಶಿಕ್ಷೆ ಕಾದಿತ್ತು. ಅಮ್ಮ ಲಿಂಗಪೂಜೆ ಆಗದೆ ತೊಟ್ಟು ಕಾಫಿಯನ್ನೂ ಬಾಯಿಗೆ ಹಾಕುವವಳಲ್ಲ. ಎಡಗೈಗೆ ಪ್ಲಾಸ್ಟರ್, ಬೆರಳುಗಳಷ್ಟೇ ಆಚೆ. ಲಿಂಗ ಇಟ್ಟುಕೊಳ್ಳುವುದು ಹೇಗೆ? ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡಳು.

"ನಿನ್ ಕೈ ಕೆಳಗೆ ಕೊಡು. ಬೀಳ್ದಂಗೆ ಹಿಡ್ಕೋ" ಎಂದಳು.

ಅವಳ ಪ್ಲಾಸ್ಟರಿನ ಕೈ ಕೆಳಗೆ ನನ್ನ ಎರಡೂ ಅಂಗೈ ಚಾಚಿದೆ. ಅವಳು ಬೆರಳುಗಳ ಮೇಲೆ ಲಿಂಗವನ್ನಿಟ್ಟು ನೋಡುತ್ತಾ ಕೂತಳು. ಹತ್ತು ನಿಮಿಷಕ್ಕೇ ನನ್ನ ರಟ್ಟೆ ಸೋತು ನಡುಗತೊಡಗಿತು. ಇದೇ ಕೈಯಲ್ಲಿ ಒಂದೂವರೆ ತಿಂಗಳು ದಿನಾ ಒಂದು ಗಂಟೆ ಫೋನ್ ಹಿಡಿದಿದ್ದೆ, ಒಂದು ದಿನವೂ ನೋವಾಗಿರಲಿಲ್ಲ.

ಹೀಗೆ ಹದಿಮೂರು ದಿನ. ನೋಡಲು ಬಂದ ನೆಂಟರೆಲ್ಲ ಎಂಥ ಮಗ ಎಂದು ನನ್ನನ್ನು ಹೊಗಳಿ ಹೋಗುತ್ತಿದ್ದರು. ಹದಿಮೂರನೇ ದಿನ ರಾತ್ರಿ ಉಮಾಳಿಗೆ ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ. ಬೆಳಿಗ್ಗೆ ಅತ್ತೆಯ ಎದುರು ಕೂರುತ್ತೀರಲ್ಲ, ಅಲ್ಲೇ ಹೇಳಿ ಎಂದಳು, ಅಷ್ಟೇ.

ಪೂಜೆ ಮುಗಿದ ಮೇಲೆ ಹೇಳಿದೆ. "ಅಮ್ಮಾ, ಅವತ್ತು ನಾನು ಪೂಜೆ ಮಾಡ್ತಿರ್ಲಿಲ್ಲ. ಫೋನಲ್ಲಿ ಆಟ ಆಡ್ತಿದ್ದೆ. ಅವತ್ತೊಂದಿನ ಅಲ್ಲ, ದಿನಾನೂ."

ಅಮ್ಮ ಒಂದೇ ಕೈಯಲ್ಲಿ ಲಿಂಗವನ್ನು ನಿಧಾನವಾಗಿ ಕರಡಿಗೆಯೊಳಗಿಟ್ಟು ಮುಚ್ಚಿದಳು.

"ನಾನು ಬಾಗ್ಲು ತೆಗ್ದಿದ್ದು ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ಬಿಂದಿಗೆ ಬಿದ್ದಿದ್ದು?"

"ಕೇಳಿಸ್ತು."

ಬೈಯಲಿಲ್ಲ, ಅಳಲಿಲ್ಲ. "ಬುಡು" ಎಂದು ಮುಖ ತಿರುಗಿಸಿ ಉಮಾಳಿಗೆ ಕಾಫಿ ತರಲು ಹೇಳಿದಳು. ಮಾರನೇ ದಿನದಿಂದ ಕೈ ಹಿಡಿಯಲು ಉಮಾಳನ್ನು ಕರೆದಳು. ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ಉಮಾಳ ಕೈ ನಡುಗಲಿಲ್ಲ.

ಮಗಳಿಗೂ ನಾನೇ ಹೇಳಿದೆ. ಅವಳು ಫ್ರಿಜ್ಜಿನ ಮೇಲಿನ ಬುಟ್ಟಿ ಇಳಿಸಿ ಅದಕ್ಕೆ ಈರುಳ್ಳಿ ತುಂಬಿಟ್ಟಳು. ಆಟವನ್ನು ಫೋನಿನಿಂದ ತೆಗೆದುಹಾಕಿದೆ. ಅದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ, ತಪ್ಪು ಆಟದ್ದಾಗಿರಲಿಲ್ಲ. ಎಲ್ಲರೂ ನೋಡುವ ಹಾಗೆ ಹಾಲ್‌ನಲ್ಲಿ ಕೂತು ಆಡಿದ್ದರೆ, ಬಿದ್ದ ಕೂಡಲೇ ಅಮ್ಮ ನನ್ನನ್ನು ಕೂಗಿರುತ್ತಿದ್ದಳು.

ಈಗ ಪ್ಲಾಸ್ಟರ್ ಬಿಚ್ಚಿ ಬಹಳ ದಿನವಾಯಿತು. ಅಮ್ಮನ ಮುಷ್ಟಿ ಇನ್ನೂ ಪೂರ್ತಿ ಮಡಚುವುದಿಲ್ಲ. ಕತ್ತರಿಸಿದ ಬಳೆಯನ್ನು ಸರಿ ಮಾಡಿಸಿಕೊಡುತ್ತೇನೆಂದರೆ ಬೇಡವೆನ್ನುತ್ತಾಳೆ. ಗುಬ್ಬಿಯ ಚಿಕ್ಕಮ್ಮ ಫೋನ್ ಮಾಡಿ ನನ್ನ ಪೂಜೆಯ ವಿಷಯ ತೆಗೆದರೆ, ಅವನಿಗೆ ಈಗ ಕೆಲಸ ಜಾಸ್ತಿ ಎಂದು ಮಾತು ಮರೆಸುತ್ತಾಳೆ. ನನ್ನ ಮಾನ ಕಾಯುವ ಕೆಲಸವೂ ಅವಳ ತಲೆಗೇ ಬಿತ್ತು.

ನಾನು ಈಗ ನಿಜವಾಗಿಯೇ ಪೂಜೆಗೆ ಕೂರುತ್ತೇನೆ, ಬಾಗಿಲು ಪೂರ್ತಿ ತೆರೆದಿಟ್ಟು. ಅಂಗೈಯಲ್ಲಿ ಇರುವುದು ಲಿಂಗವೇ. ಆದರೆ ಪೂಜೆಗೆ ಕೂತವರನ್ನು ಜನ್ಮದಲ್ಲಿ ಕರೆಯದಿದ್ದ, ಕೈ ಮುರಿದರೂ ಕರೆಯದಿದ್ದ ನನ್ನಮ್ಮ ಈಗ ನಡುವೆಯೇ ಕರೆಯುತ್ತಾಳೆ. "ಗಂಗಾಧರಾ, ಗ್ಯಾಸ್ ಬಂದೈತೆ ನೋಡು." "ಗಂಗಾಧರಾ, ಮೋಟ್ರು ಆಫ್ ಮಾಡು." ಉಮಾ ಅಲ್ಲೇ ಇದ್ದರೂ ನನ್ನನ್ನೇ ಕರೆಯುತ್ತಾಳೆ. ಅವಳು ಎರಡನೇ ಸಲ ಕರೆಯುವ ಮೊದಲೇ ನಾನು ಎದ್ದು ಹೋಗುತ್ತೇನೆ.