ಬೆನ್ನಿಗೊಂದು ಚೀಲ

ಮೊದಲು ಬಂದದ್ದು ವಾಸನೆ. ನೋವು ಆಮೇಲೆ.

ಎರಡು ದಿನದಿಂದ ಮೂತ್ರ ಕಲಗಚ್ಚಿನ ಹಾಗೆ ನಾರುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಮೂರನೆಯ ದಿನ ಮೇಟಗಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದಾಗ ಬಲ ಪಕ್ಕೆ ಹಿಡಿದುಕೊಂಡಿತು. ಮೆಷಿನ್ ಪಕ್ಕದಲ್ಲೇ ವಾಂತಿ ಮಾಡಿಕೊಂಡೆ. ಮೈಯೆಲ್ಲ ನಡುಕ, ಜ್ವರ.

ಆಸ್ಪತ್ರೆಯಲ್ಲಿ ಮಾಡಿದ ಸ್ಕ್ಯಾನ್‌ನಲ್ಲಿ ಕಲ್ಲು ಕಾಣಿಸಿತು. ಕಿಡ್ನಿಯಿಂದ ಕೆಳಗಿಳಿಯುವ ನಾಳದಲ್ಲಿ ಸಿಕ್ಕಿಕೊಂಡಿತ್ತು. ಕಿಡ್ನಿಯೊಳಗೆ ಕೂದಲಿಗಿಂತ ಸಣ್ಣ ಕೊಳವೆಗಳು ಲಕ್ಷಗಟ್ಟಲೆ ಇವೆ, ಅವುಗಳಲ್ಲಿ ಹರಿವು ನಿಲ್ಲಬಾರದು, ಮುಂದೆ ದಾರಿ ಕಟ್ಟಿಕೊಂಡರೆ ಒತ್ತಡ ಹಿಂದಕ್ಕೆ ತಿರುಗಿ ಆ ಕೊಳವೆಗಳನ್ನೇ ಉಬ್ಬಿಸಿ ಹಾಳುಮಾಡುತ್ತದೆ ಎಂದು ಡಾಕ್ಟರ್ ವಿವರಿಸಿದರು. ಒಳಗೆ ನಿಂತಿದ್ದದ್ದು ಬರೀ ಮೂತ್ರವಲ್ಲ.

ಕೀವು.

ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದರು. ಬೆಳಗ್ಗೆ ಅರ್ಧ ಲೋಟ ಕಾಫಿ, ನೀರು ಸಂಜೆ ಮನೆಗೆ ಬಂದ ಮೇಲೆ ಎಂದೆ. ನಡುವೆ ಕುಡಿದರೆ ಫ್ಯಾಕ್ಟರಿಯ ಟಾಯ್ಲೆಟ್ಟಿಗೆ ಹೋಗಬೇಕಿತ್ತು. ನೆಲದ ತುಂಬ ಕಪ್ಪು ನೀರು, ಮೂಲೆಯಲ್ಲಿ ರಕ್ತದ ಬಟ್ಟೆ, ಚಿಲಕವಿಲ್ಲದ ಬಾಗಿಲು. ಒಂಬತ್ತು ವರ್ಷ ಆ ಹೊಲಸಿನಿಂದ ತಪ್ಪಿಸಿಕೊಂಡು ತಿರುಗಿದವಳು, ಅದಕ್ಕಿಂತ ಹೊಲಸಾದದ್ದನ್ನು ನನ್ನೊಳಗೇ ಕಟ್ಟಿಕೊಂಡಿದ್ದೆ.

ಅಂದೇ ಬೆನ್ನಿಗೆ ತೂತು ಮಾಡಿ ಟ್ಯೂಬ್ ಹಾಕಿದರು. ತುದಿಗೊಂದು ಚೀಲ. ಹಳಸಿದ ಮಜ್ಜಿಗೆಯಂಥದ್ದು ಅದರೊಳಗೆ ಇಳಿಯುತ್ತಿತ್ತು. ಚೀಲ ಬೆಚ್ಚಗೆ ತೊಡೆಗೆ ತಾಕುತ್ತಿತ್ತು.

ದಟ್ಟಗಳ್ಳಿಯ ಮನೆಗೆ ಚೀಲದ ಸಮೇತ ಬಂದೆ. ನಮ್ಮ ಯಜಮಾನರು ಅದನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಖಾಲಿ ಮಾಡುತ್ತಿದ್ದವರು ಅತ್ತೆ, ಮೂಗು ಕೂಡ ಮುಚ್ಚದೆ. ನನಗೆ ಅವರ ಮೇಲೇ ಸಿಟ್ಟು. ನನ್ನ ಕೊಳಕನ್ನು ದಿನಾ ಇವರು ನೋಡುತ್ತಾರಲ್ಲ ಎಂದು. ಒಂದು ಮಧ್ಯಾಹ್ನ ಅನ್ನ ಕಲಸಿ ತಂದಾಗ, ಆ ಕೈಯಲ್ಲಿ ಬೇಡ ಅಂದುಬಿಟ್ಟೆ.

ಅತ್ತೆ ತಟ್ಟೆ ಕೆಳಗಿಟ್ಟರು.

"ತೊಳ್ಕೊಂಡೇ ಬಂದಿವ್ನಿ ಕಣಮ್ಮ. ಅದು ನಿನ್ ಮೈಯೊಳ್ಗೆ ಇರೋದ್ಕಿಂತ ನನ್ ಕೈಲಿರೋದೇ ವಾಸಿ."

ಅವರು ಆಚೆ ಹೋದ ಮೇಲೆ ಅಷ್ಟೂ ಅನ್ನ ಉಂಡೆ. ಮರುದಿನ ಚೀಲವನ್ನು ನಾನೇ ಖಾಲಿ ಮಾಡಿದೆ. ಎರಡು ಸಲ ವಾಕರಿಕೆ ಬಂತು. ಅತ್ತೆ ನನ್ನ ಭುಜ ಹಿಡಿದು ನಿಂತಿದ್ದರು.

ಆಮೇಲೆ ಕಲ್ಲು ತೆಗೆದರು, ಟ್ಯೂಬೂ ಹೋಯಿತು. ಬಲ ಕಿಡ್ನಿ ಅರ್ಧ ಉಳಿದಿದೆ, ಹಾಳಾದ ಕೊಳವೆಗಳು ಮತ್ತೆ ಹುಟ್ಟುವುದಿಲ್ಲ ಎಂದರು ಡಾಕ್ಟರ್. ಉಳಿದದ್ದೇ ದೊಡ್ಡದು ಎಂದೂ ಅಂದರು. ನಾನು ಫ್ಯಾಕ್ಟರಿ ಬಿಟ್ಟು ಮನೆ ಹತ್ತಿರದ ಟೈಲರ್ ಅಂಗಡಿ ಸೇರಿದ್ದೇನೆ.

ಸ್ನಾನ ಮಾಡುವಾಗ ಬೆನ್ನಿನ ಕಲೆ ಬೆರಳಿಗೆ ಸಿಗುತ್ತದೆ. ಈಗಲೂ ಹೇಸಿಗೆಯಾಗುತ್ತದೆ. ಸೋಪು ಹಚ್ಚಿ ತೊಳೆಯುತ್ತೇನೆ.