ಮೂರು ಬಾಣದ ಬೇಟೆ

ಹಸಿ ಕಡ್ಲಿ ಗಿಡದ ಕಟ್ಟು ಬಿಚ್ಚಿದರೆ ಬೆರಳಿಗೆ ಒಂದು ಹುಳಿ ಅಂಟುತ್ತದಲ್ಲ, ನಿಮಗೂ ನೆನಪಿರಬೇಕು. ನಿನ್ನೆ ಅಡುಗೆಮನೆಯಲ್ಲಿ ಆ ಹುಳಿ ನೆಕ್ಕಿದ್ದೇ ತಡ, ಮೊರಬ ಊರಿನ ಅಜ್ಜನ ಮನೆಯ ಪಡಸಾಲೆ ಕಣ್ಣೆದುರು ಬಂತು. ಅದರ ಮೂಲೆಗೆ ಒರಗಿಸಿಟ್ಟ ಬಿದಿರಿನ ಬಿಲ್ಲು, ಪಕ್ಕದಲ್ಲಿ ಬಾಣಗಳ ಕಟ್ಟು. ಈಗ ಆ ಪಡಸಾಲೆಯೂ ಇಲ್ಲ, ಮನೆಯೂ ಇಲ್ಲ.

ನನ್ನಜ್ಜ ಬೇಟೆಗಾರ ಎಂದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ. ಏನೇನು ಹೊಡೆದಿದ್ದಾರೆ ಎಂದು ಸಿಸ್ಟರ್ ಕೇಳಿದಾಗ ಮಾತ್ರ ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದೆ. ಕೊರಳಲ್ಲಿ ಲಿಂಗ ಕಟ್ಟಿದ ನಮ್ಮ ಮನೆಯೊಳಗೆ ಮೊಟ್ಟೆ ಸಹ ಬಂದದ್ದಿಲ್ಲ. ಅಜ್ಜನ ಬೇಟೆಯೆಂದರೆ ಕಡ್ಲಿ ಹೊಲಕ್ಕೆ ನುಗ್ಗುವ ಚಿಗರಿ ಹಿಂಡನ್ನು ಓಡಿಸುವುದು, ಅಷ್ಟೆ. ಆ ಜಿಂಕೆಗಳಿಗೆ ನೋವಾಗಬಾರದೆಂದು ಅಜ್ಜಿ ತನ್ನ ಹಳೆಯ ಇಳಕಲ್ ಸೀರೆಯ ಚಿಂದಿಯನ್ನು ಪ್ರತಿ ಬಾಣದ ತುದಿಗೂ ಉಂಡೆಯಾಗಿ ಸುತ್ತಿಡುತ್ತಿದ್ದಳು. ಕ್ರಿಸ್‌ಮಸ್ ರಜೆಗೆ ನಾನು ಹೋದಾಗ ದಿನಾ ಮುಂಜಾನೆ ಅವರಿಬ್ಬರದು ಒಂದೇ ಜಗಳ.

"ಹತ್ತ ಬಾಣ ಕೊಡು."

"ಮೂರ ಒಯ್ರಿ."

"ಹಿಂಡಿಗೆ ಹಿಂಡ ಬರ್ತಾವ. ಮೂರರಾಗ ಏನ ಆಕ್ಕೈತಿ?"

"ಹತ್ತರಾಗ ಏನ ಆಗೇತಿ? ಒಂದಕ್ಕರ ಬಡದೇತೇನು?"

"ಬಡಿಯಾಕಲ್ಲಲೇ, ಹೆದರ್ಸಾಕ."

"ಹೆದರ್ಸೂದಿದ್ರ ನೀವ ಹೋಗಿ ನಿಂತ್ರ ಸಾಕಲ್ರಿ!"

ಬಾಣ ತೀರುವವರೆಗೆ ಹೊಲ ಬಿಡಬಾರದು, ಬಿಟ್ಟ ಬಾಣವನ್ನು ಅದೇ ದಿನ ಮತ್ತೆ ಹೂಡಬಾರದು ಎಂಬುದು ಅಜ್ಜ ತಾನೇ ಮಾಡಿಕೊಂಡ ನೇಮ. ಬಿದ್ದ ಬಾಣ ಆರಿಸಿ ತರುವ ಕೆಲಸ ನನ್ನದು. ಎರೆಮಣ್ಣು ಮೆತ್ತಿದ ಸೀರೆಯ ಉಂಡೆಗಳನ್ನು ಫ್ರಾಕಿಗೆ ಒರೆಸುತ್ತ, ಅಜ್ಜಿ ಎಷ್ಟು ಜಿಪುಣಿ ಎಂದುಕೊಳ್ಳುತ್ತಿದ್ದೆ. ಅಜ್ಜನಿಗೆ ಸಕ್ಕರೆ ಬೇನೆಯಿತ್ತು. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಹಣೆ ಬೆವರಿ ಕೈ ನಡುಗುತ್ತಿತ್ತು. ಮೂರೇ ಬಾಣ ಕೊಟ್ಟರೆ ರೊಟ್ಟಿ ಬಿಸಿಯಿರುವಾಗಲೇ ಮನೆಗೆ ಬಂದಾರು ಎಂಬುದು ಅವಳ ಹಂಚಿಕೆಯೆಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ.

ಅಂದು ಅಜ್ಜ ಕೊಡೆಯೊಳಗೆ ಬಾಣ ಬಚ್ಚಿಟ್ಟುಕೊಂಡು ಹೊರಟಿದ್ದ. ಬಿಸಿಲೇರಿದರೂ ಹೊಲ ಬಿಡಲಿಲ್ಲ. ಮರಳುವಾಗ ದಾರಿಯಲ್ಲಿ ಎರಡು ಸಲ ಕೂತ, ನನ್ನ ಹೆಗಲು ಹಿಡಿದು ನಡೆದ. ಅಜ್ಜಿ ಹೊಸ್ತಿಲಲ್ಲೇ ನಿಂತಿದ್ದಳು, ತಾನೂ ಉಂಡಿರಲಿಲ್ಲ. ಮೊದಲು ಅವನ ಬಾಯಿಗೆ ಬೆಲ್ಲದ ಚೂರು ಹಾಕಿದಳು. ಕೈ ನಡುಕ ನಿಂತು ಅವನು ರೊಟ್ಟಿ ಮುರಿದ ಮೇಲೆಯೇ ಮೂಲೆಯತ್ತ ತಿರುಗಿದ್ದು. ಅಲ್ಲಿ ನಾನು ಅಚ್ಚುಕಟ್ಟಾಗಿ ಏಳು ಬಾಣ ಜೋಡಿಸಿಟ್ಟಿದ್ದೆ.

"ನಾ ಕೊಟ್ಟಿದ್ದು ಮೂರು. ಬಾಣ ಮರಿ ಹಾಕ್ಯಾವೇನ್ರಿ?"

ಅಜ್ಜ ತಲೆ ಎತ್ತಲಿಲ್ಲ. "ನಮ್ಮ ಹೊಲದ ಮಣ್ಣ ಅಗದಿ ಚಲೋ ಐತಿ," ಎಂದ.

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಬಳೆಗಳ ಸದ್ದಿನಿಂದಲೇ ಅವಳು ನಗುತ್ತಿರುವುದು ಗೊತ್ತಾಗುತ್ತಿತ್ತು. ಮಾರನೆಯ ದಿನದಿಂದ ಕೊಡೆ ಬಿಚ್ಚಿ ತೋರಿಸಿಯೇ ಅಜ್ಜ ಹೊರಡಬೇಕಾಯಿತು.

ಅಜ್ಜ ತೀರಿಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ಅದೇ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ, ಹಣೆತುಂಬ ವಿಭೂತಿ ಬಳಿದು ಅವನನ್ನು ಕೂಡಿಸಿದ್ದರು. ಹೊತ್ತೊಯ್ಯುವ ಮುಂಚೆ ಅಜ್ಜಿ ನನ್ನ ಕಡೆ ನೋಡಿ, ಅವರ ಬಾಜು ಬಾಣ ಇಡು ಎಂದು ಸನ್ನೆ ಮಾಡಿದಳು. ಮೂಲೆಗೆ ಹೋದೆ. ರೂಢಿಯಂತೆ ನನ್ನ ಕೈ ಕಟ್ಟಿನಿಂದ ಮೂರನ್ನೇ ಎಳೆಯಿತು.

"ಎಲ್ಲಾ ಇಡವ್ವಾ," ಎಂದಳು ಅಜ್ಜಿ. "ಇವತ್ತ ಅವರಿಗೆ ಊಟದ ಗಡಿಬಿಡಿ ಇಲ್ಲ."