ಲೆಕ್ಕಕ್ಕೆ ಬಾರದ ಅಜ್ಜಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಮಾಡೆಲ್ ಮೇಡಂ ಎನ್ನುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು ಆ ಹೆಸರು ಕೇಳಿ ಕಿವಿ ನೆಟ್ಟಗೆ ಮಾಡಿಕೊಂಡು ಬರುವುದು, ದಪ್ಪ ಕನ್ನಡಕ ಹಾಕಿಕೊಂಡು ಸ್ವೆಟರಿನ ತೋಳು ಮೊಣಕೈವರೆಗೆ ಏರಿಸಿ ಕೂತ ನಲವತ್ತು ದಾಟಿದ ಹೆಂಗಸನ್ನು ಕಂಡು ಪೆಚ್ಚಾಗುವುದು ಮಾಮೂಲಿ. ಅವಳ ಮಾಡೆಲ್ ಇದ್ದದ್ದು ಕಂಪ್ಯೂಟರಿನೊಳಗೆ. ಊರಿನ ಬಸ್ಸುಗಳನ್ನೆಲ್ಲ ಅವಳು ಅದರೊಳಗೆ ಓಡಿಸುತ್ತಿದ್ದಳು, ಕೆಡಿಸುತ್ತಿದ್ದಳು, ಗ್ಯಾರೇಜಿಗೆ ಕಳಿಸಿ ರಿಪೇರಿ ಮಾಡಿಸಿ ಮತ್ತೆ ರಸ್ತೆಗೆ ಬಿಡುತ್ತಿದ್ದಳು. ಅಲ್ಲಿ ಹತ್ತು ವರ್ಷ ಕಳೆಯಲು ಇಲ್ಲಿ ಮೇಜಿನ ಮೇಲಿನ ಚಹಾ ಆರುವಷ್ಟು ಹೊತ್ತು ಸಾಕು. ಆಮೇಲೆ ಮತ್ತೆ ಮೊದಲಿನಿಂದ, ಬೇರೆ ಬೇರೆ ಬಸ್ಸುಗಳಿಗೆ ಬೇರೆ ಬೇರೆ ಗ್ರಹಚಾರ ಹಂಚಿ ಇನ್ನೊಂದು ಹತ್ತು ವರ್ಷ. ಸಿಮ್ಯುಲೇಶನ್ ಎಂದು ದೊಡ್ಡದಾಗಿ ಕರೆಯುತ್ತಾರೆ. ಬರಬಹುದಾದ ಕಷ್ಟವನ್ನೆಲ್ಲ ಮೊದಲೇ ಬರಿಸಿ ನೋಡುವ ಕೆಲಸ ಅದು.

ಅವಳ ಕಂಪನಿಗೆ ಊರಿನ ಬಸ್ಸುಗಳ ರಿಪೇರಿಯ ಗುತ್ತಿಗೆ. ಮೊದಲೆಲ್ಲ ಒಂದೊಂದು ರಿಪೇರಿಗೂ ಒಂದೊಂದು ಬಿಲ್ಲು ಹೋಗುತ್ತಿತ್ತು. ಬಸ್ಸು ಕೆಟ್ಟಷ್ಟೂ ಕಂಪನಿಗೆ ಸುಗ್ಗಿ. ನಗರಸಭೆಯವರ ತಲೆಗೆ ಇದು ಹೋಗಲು ಬಹಳ ವರ್ಷ ಹಿಡಿಯಿತು. ಕೊನೆಗೆ ಅವರು ಗುತ್ತಿಗೆಯ ಸ್ವರೂಪವನ್ನೇ ಬದಲಿಸಿದರು. ನೀವು ಏನು ರಿಪೇರಿ ಮಾಡಿದಿರಿ ಎಂಬ ಪುರಾಣ ನಮಗೆ ಬೇಡ, ಬೆಳಗ್ಗೆ ಎಷ್ಟು ಬಸ್ಸು ಹೊರಡಲು ಸಿದ್ಧವಾಗಿ ನಿಂತಿವೆ ಅಷ್ಟನ್ನು ತೋರಿಸಿ, ಅದರ ಮೇಲೆ ದುಡ್ಡು, ಕಡಿಮೆ ಬಿದ್ದರೆ ದಂಡ, ಎಂದರು. ನೂರಕ್ಕೆ ಎಷ್ಟು ಬಸ್ಸು ಸಿದ್ಧವಿರುತ್ತವೆ ಎಂದು ಮಾತು ಕೊಡಬಹುದು, ಆ ಮಾತು ಉಳಿಸಿಕೊಳ್ಳಲು ಸ್ಟೋರಿನಲ್ಲಿ ಎಷ್ಟು ಬಿಡಿಭಾಗ ಇಟ್ಟುಕೊಂಡಿರಬೇಕು ಎಂಬುದನ್ನು ಮಾಡೆಲ್ ಮೇಡಂ ಹೇಳಬೇಕಿತ್ತು. ಜಾಸ್ತಿ ಹೇಳಿದರೆ ಕಂಪನಿ ಮುಳುಗುತ್ತದೆ, ಕಡಿಮೆ ಹೇಳಿದರೆ ಗುತ್ತಿಗೆ ಇನ್ನೊಬ್ಬರ ಪಾಲಾಗುತ್ತದೆ.

ಮನೆಯಲ್ಲಿ ಅವಳು ಪುಟ್ಟಿ. ಅಕ್ಕ ಮತ್ತು ಭಾವ ಕೆಳಗೆ, ಅವಳು ಮಹಡಿ ಮೇಲಿನ ಒಂದು ಕೋಣೆಯಲ್ಲಿ. ಅಪ್ಪ ಅಮ್ಮ ಬೇಗ ಹೋದ ಮೇಲೆ ಅಕ್ಕನ ಮದುವೆಯ ಜೊತೆ ಬಳುವಳಿಯಾಗಿ ಬಂದವಳು ತಾನು ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಭಾವ ಮಾತ್ರ ಒಂದು ದಿನವೂ ಆ ತಮಾಷೆಗೆ ನಕ್ಕವರಲ್ಲ. ಅವರು ಅದೇ ಕಂಪನಿಯ ಬಸ್ ಡಿಪೋದಲ್ಲಿ ಸ್ಟೋರ್‌ಕೀಪರ್. ನಟ್ಟು, ಬೇರಿಂಗು, ಬ್ರೇಕಿನ ಲೈನಿಂಗು ಇಟ್ಟುಕೊಂಡು ಜಾಲರಿ ಕಿಟಕಿಯ ಹಿಂದೆ ಕೂರುವ ಕೆಲಸ. ಅಕ್ಕ ಹೊಲಿಗೆ ಅಂಗಡಿಗೆ ಹೋಗುತ್ತಿದ್ದ ಕಾಲದಲ್ಲಿ ಶಾಲೆ ಬಿಟ್ಟ ಪುಟ್ಟಿ ನೇರ ಡಿಪೋಗೆ ಬರುತ್ತಿದ್ದಳು. ಭಾವನ ಪಾಳಿ ಮುಗಿಯುವ ತನಕ ಅವಳು ಕೂರುತ್ತಿದ್ದದ್ದು ಅಜ್ಜಿಯ ಹಿಂದಿನ ಸೀಟಿನಲ್ಲಿ. ಭಿನ್ನರಾಶಿ, ದಶಮಾಂಶ, ಬೀಜಗಣಿತ ಎಲ್ಲವನ್ನೂ ಅವಳು ಕಲಿತದ್ದು ಅಲ್ಲಿಯೇ. ಲೆಕ್ಕ ತಪ್ಪಿದರೆ ನಡುವೆ ಬಂದ ಭಾವ ಆ ಸಾಲಿನ ಮೇಲೆ ಗ್ರೀಸಿನ ಬೆರಳಿಟ್ಟು ಕಾಯುತ್ತಿದ್ದರು, ಪುಸ್ತಕದ ತುಂಬ ಕಪ್ಪು ಹೆಬ್ಬೆಟ್ಟು.

ಅಜ್ಜಿ ಎಂದರೆ ಅಂಗಳದ ಮೂಲೆಯಲ್ಲಿ ಕಲ್ಲುಗಳ ಮೇಲೆ ನಿಂತ ಒಂದು ಮುದಿ ಬಸ್ಸು. ಕಾಗದದ ಮೇಲೆ ಅದು ಎಂದೋ ಗುಜರಿಗೆ ಹೋಗಿತ್ತು. ನಿಜದಲ್ಲಿ ಅಲ್ಲೇ ಇತ್ತು, ದಿನಾ ಸ್ವಲ್ಪ ಸ್ವಲ್ಪ ಕರಗುತ್ತಿತ್ತು. ಯಾವುದಾದರೂ ಬಸ್ಸಿಗೆ ಸ್ಟಾರ್ಟರ್ ಬೇಕು, ಮುಖ್ಯ ಉಗ್ರಾಣಕ್ಕೆ ಬರೆದರೆ ವಾರಗಟ್ಟಲೆ ಕಾಯಬೇಕು. ಆಗ ಮೆಕ್ಯಾನಿಕ್‌ಗಳು, 'ಅಜ್ಜಿನ ಕೇಳೋಣ' ಎಂದು ಸ್ಪ್ಯಾನರ್ ಹಿಡಿದು ಮೂಲೆಗೆ ಹೋಗುತ್ತಿದ್ದರು. ಅಜ್ಜಿ ಇಲ್ಲ ಎಂದದ್ದಿಲ್ಲ. ಬಸ್ಸು ಅವತ್ತೇ ರಿಪೇರಿ. ಒಬ್ಬಳು ಅಜ್ಜಿ ಬರೀ ಎಲುಬಾದಾಗ ಗುಜರಿಗೆ ಹೊರಟ ಇನ್ನೊಂದು ಬಸ್ಸಿಗೆ ಅಜ್ಜಿಯ ಪಟ್ಟ. ಹೀಗೆ ಬಿಚ್ಚುವುದು ನಿಯಮದ ಪ್ರಕಾರ ಕಳ್ಳತನ, ಹಾಗಾಗಿ ಪ್ರತಿ ರಿಪೇರಿಗೂ ತುಂಬುವ ಜಾಬ್ ಕಾರ್ಡಿನಲ್ಲಿ ಭಾವ 'ಬಿಡಿಭಾಗ ಸ್ಟೋರಿನಿಂದ' ಎಂದು ಬರೆದು ಸಹಿ ಹಾಕುತ್ತಿದ್ದರು. ಗೊತ್ತಿರಬೇಕಾದವರಿಗೆಲ್ಲ ಇದು ಗೊತ್ತಿತ್ತು. ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಈ ಡಿಪೋದಲ್ಲಿ ಬಸ್ಸು ನಿಲ್ಲುವುದೇ ಇಲ್ಲ ಎಂದು ವರ್ಷಾವರಿ ಹೊಗಳಿಕೆ ಬರುತ್ತಿತ್ತು, ಭಾವನಿಗೂ ಆ ಹೊಗಳಿಕೆ ಬೇಡವಾಗಿರಲಿಲ್ಲ.

ಇಪ್ಪತ್ತು ವರ್ಷಗಳ ಆ ಕಾರ್ಡುಗಳೇ ಈಗ ಮಾಡೆಲ್ಲಿಗೆ ಮೇವು. ಮೊದಲ ಸಲ ಓಡಿಸಿದಾಗಲೇ ತೆರೆಯ ಮೇಲೆ ಚೆಂದದ ಗೆರೆಯೊಂದು ಮೂಡಿತು. ಬಿಡಿಭಾಗಕ್ಕೆ ಕಾಯುವ ಹೊತ್ತು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಸ್ಟೋರಿನ ದಾಸ್ತಾನು ಅರ್ಧಕ್ಕಿಳಿಸಿದರೂ ನೂರಕ್ಕೆ ತೊಂಬತ್ತೈದು ಬಸ್ಸು ಸಿದ್ಧ. ಮ್ಯಾನೇಜರ್ ಅವಳ ಕುರ್ಚಿಯ ಹಿಂದೆ ನಿಂತು ಆ ಗೆರೆಯನ್ನು ಸ್ವಂತ ಮಗುವಿನ ಅಂಕಪಟ್ಟಿ ನೋಡುವಂತೆ ನೋಡಿದ. ಬೇರೆ ಯಾರಾದರೂ ಆಗಿದ್ದರೆ ಈ ಗೆರೆಯನ್ನು ನಂಬಿಬಿಡುತ್ತಿದ್ದರು, ಅದರಲ್ಲಿ ತಪ್ಪೂ ಇರುತ್ತಿರಲಿಲ್ಲ. ಆ ಗೆರೆಯನ್ನು ಎತ್ತಿ ಹಿಡಿದದ್ದು ಸ್ಟೋರಲ್ಲ, ಅಜ್ಜಿ ಎಂದು ಅವಳಿಗೆ ಗೊತ್ತಿತ್ತು. ಅಜ್ಜಿಯ ಸೀಟಿನ ಹರಿದ ರೆಕ್ಸಿನ್ನು ತೊಡೆಗೆ ಚುಚ್ಚುತ್ತಿದ್ದದ್ದು ಸಹ ಅವಳಿಗೆ ನೆನಪಿತ್ತು.

ಅಂದು ಊಟಕ್ಕೆ ಕೂತಾಗ ಕೇಳಿದಳು.

"ಭಾವ, ಅಜ್ಜಿನ ನನ್ ಮಾಡೆಲ್ಲಲ್ಲಿ ಸೇರಿಸ್ಲಾ?"

ಭಾವನ ಕೈ ತಟ್ಟೆಯಲ್ಲೇ ನಿಂತಿತು. "ತಲೆ ಕೆಟ್ಟಿದ್ಯಾ ನಿಂಗೆ? ಇಷ್ಟು ವರ್ಷ ಸುಳ್ಳು ಬರೆದ ಅಂತ ನನ್ನ ಮನೆಗೆ ಕಳಿಸ್ತಾರೆ. ರಿಟೈರಾಗೋಕೆ ಇನ್ನೆಷ್ಟು ದಿನ ಇದೆ ನಂಗೆ?"

"ಸೇರಿಸದಿದ್ರೆ ಲೆಕ್ಕ ತಪ್ಪಾಗತ್ತೆ."

"ಅಜ್ಜಿ ಅಲ್ಲೇ ಇರ್ತಾಳೆ, ನಾನೂ ಅಲ್ಲೇ ಇರ್ತೀನಿ. ಬಸ್ಸು ಓಡತ್ತೆ. ನಿನ್ ಲೆಕ್ಕ ಹೇಗೆ ತಪ್ಪಾಗತ್ತೆ?"

ಅಕ್ಕ ಇಬ್ಬರ ಮುಖವನ್ನೂ ನೋಡಿದಳು. "ಅವರಿಗೆ ತೊಂದ್ರೆ ಆಗೋ ಹಾಗೆ ಏನೂ ಮಾಡ್ಬೇಡ ಪುಟ್ಟಿ," ಎಂದಷ್ಟೇ ಹೇಳಿ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಭಾವನಿಗಾಗಿ ಬಾಯಿ ಮುಚ್ಚಿಕೊಂಡೆ ಎಂದು ಅವಳು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ ಆ ಗೆರೆ ಅವಳಿಗೂ ಬೇಕಾಗಿತ್ತು. ಅವಳ ವಿಭಾಗದ ಮುಖ್ಯಸ್ಥರ ಕೋಣೆ ಖಾಲಿ ಬಿದ್ದಿತ್ತು, ಅದರ ಕಿಟಕಿಯಿಂದ ಒಳ್ಳೆಯ ಗಾಳಿ ಬರುತ್ತಿತ್ತು.

ಗುತ್ತಿಗೆ ಸಿಕ್ಕಿತು. ಕೋಣೆಯೂ ಸಿಕ್ಕಿತು. ಆದರೆ ಗುತ್ತಿಗೆಯ ಹಿಂದಿನ ಪುಟಗಳಲ್ಲೊಂದು ಕಲಮು, ವಕೀಲರು ಎಲ್ಲ ಗುತ್ತಿಗೆಗೂ ಅಂಟಿಸುವಂಥದ್ದು: ದಾಖಲೆಯಲ್ಲಿಲ್ಲದ ಯಾವ ವಾಹನವೂ ಡಿಪೋದ ಅಂಗಳದಲ್ಲಿ ನಿಂತಿರಕೂಡದು. ಅದನ್ನು ಬರೆದವನಿಗೆ ಅಜ್ಜಿಯ ಮೇಲೆ ಹಗೆಯೇನೂ ಇರಲಿಲ್ಲ, ಅಂಥದ್ದೊಂದು ಇದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗುವಂತೆ ಮಾಡಬೇಕಾದವಳು ಆ ಪುಟವನ್ನು ಓದದೆ ಮಡಚಿಟ್ಟಿದ್ದಳು. ಅವಳ ಕಸುಬಿನವರ ರೋಗವೇ ಅದು, ಅಂಕಿ ಇಲ್ಲದ ಪುಟದ ಮೇಲೆ ಕಣ್ಣು ನಿಲ್ಲುವುದಿಲ್ಲ.

ಒಂದು ಮಧ್ಯಾಹ್ನ ಭಾವನ ಫೋನು. ಆಫೀಸಿನ ಹೊತ್ತಿನಲ್ಲಿ ಅವರು ಎಂದೂ ಫೋನ್ ಮಾಡಿದವರಲ್ಲ.

"ಕ್ರೇನ್ ತಂದಿದಾರೆ ಪುಟ್ಟಿ. ಅಜ್ಜಿನ ಎತ್ತಾಕ್ತಾರಂತೆ. ಹೇಗಾದ್ರೂ ಮಾಡಿ ನಿಲ್ಲಿಸು."

ಅವಳು ಮ್ಯಾನೇಜರ್‌ನ ಕೋಣೆಗೆ ಹೋದಳು. ಅಂಗಳದಲ್ಲಿರುವ ಹಳೆಯ ಬಸ್ಸೊಂದನ್ನು ಸದ್ಯಕ್ಕೆ ಉಳಿಸಿಕೊಂಡರೆ ಒಳ್ಳೆಯದು ಎಂದಳು.

"ಯಾಕೆ? ಮಾಡೆಲ್ಲಲ್ಲಿ ಇದ್ಯಾ ಅದು?"

"ಇಲ್ಲ."

"ಮತ್ತೆ?" ಎಂದು ಮ್ಯಾನೇಜರ್ ನಕ್ಕ. "ನಿಮ್ ಮಾಡೆಲ್ಲನ್ನ ನಿಮಗಿಂತ ಜಾಸ್ತಿ ನಾನೇ ನಂಬ್ತೀನಿ ನೋಡಿ."

ಆ ಮಾತಿಗೆ ಅವಳ ಬಳಿ ಒಂದು ಉತ್ತರವಿತ್ತು. ಅದನ್ನು ನುಂಗಿಕೊಂಡು ಹೊಸ ಕೋಣೆಗೆ ಮರಳಿದಳು. ಭಾವನಿಗೆ ತಿರುಗಿ ಫೋನ್ ಮಾಡಲಿಲ್ಲ.

ಬಸ್ಸುಗಳು ಒಂದೊಂದಾಗಿ ಕೂರತೊಡಗಿದವು. ಒಂದಕ್ಕೆ ಸ್ಟಾರ್ಟರ್ ಇಲ್ಲ, ಒಂದಕ್ಕೆ ಬಾಗಿಲಿನ ಸಿಲಿಂಡರ್ ಇಲ್ಲ. ಸ್ಟೋರಿನ ದಾಸ್ತಾನು ಅವಳು ಹೇಳಿದಂತೆಯೇ ಅರ್ಧಕ್ಕಿಳಿದಿತ್ತು, ಜಾಲರಿ ಕಿಟಕಿಯ ಹಿಂದೆ ಭಾವ ಖಾಲಿ ಕಪಾಟುಗಳನ್ನು ಕಾಯುತ್ತಿದ್ದರು. ಮಾಡೆಲ್ಲಿನ ಗೆರೆ ಮೇಲೆ, ನಿಜದ ಗೆರೆ ಕೆಳಗೆ, ಅವೆರಡರ ನಡುವಿನ ಸಂದು ತಿಂಗಳಿಂದ ತಿಂಗಳಿಗೆ ಬಾಯಿ ಬಿಡುತ್ತಾ ಹೋಯಿತು. ನಿಲ್ದಾಣಗಳಲ್ಲಿ ಜನ ಕಂಪನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ದಂಡದ ಮೇಲೆ ದಂಡ ಬಿತ್ತು. ಕೊನೆಗೆ ವಿಚಾರಣೆ.

ಉದ್ದ ಮೇಜಿನ ಒಂದು ಕಡೆ ನಗರಸಭೆಯ ಅಧಿಕಾರಿ ಮತ್ತು ಮ್ಯಾನೇಜರ್. ಇನ್ನೊಂದು ಕಡೆ ಅವಳು. ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಭಾವ. ಆ ಅಂಗಿಗೆ ಇಸ್ತ್ರಿ ಹಾಕಿದ್ದು ಅಕ್ಕ, ಬೆಳಗ್ಗೆ ಮಹಡಿಯಿಂದ ಇಳಿಯುವಾಗ ಅವಳು ಕಂಡಿದ್ದಳು.

ಅಧಿಕಾರಿ ಕಾರ್ಡುಗಳ ಕಟ್ಟನ್ನು ಮುಂದಕ್ಕೆ ತಳ್ಳಿದ. "ಇಷ್ಟು ವರ್ಷ ಅದೇ ದಿನ ರಿಪೇರಿ. ಈಗ ಯಾಕಾಗಲ್ಲ? ಕಾರ್ಡಲ್ಲಿ ಸ್ಟೋರಿಂದ ಕೊಟ್ಟೆ ಅಂತಿದೆ. ಸ್ಟೋರಿಗೆ ಆ ಸಾಮಾನು ಬಂದಿದ್ದೇ ಇಲ್ವಲ್ಲ. ಯಾವುದು ಸುಳ್ಳು?"

ಭಾವ ಅವಳ ಕಡೆಗೆ ನೋಡಿದರು. ಲೆಕ್ಕ ತಪ್ಪಿದಾಗ ಅಜ್ಜಿಯ ಸೀಟಿನಲ್ಲಿ ಕೂತು ನೋಡುತ್ತಿದ್ದ ಹಾಗೆಯೇ, ಅವಳೇ ಕಂಡುಕೊಳ್ಳಲಿ ಎಂದು ಕಾಯುವ ನೋಟ.

ಹೇಳಬೇಕಾದ್ದು ಇಷ್ಟೇ ಇತ್ತು: ಒಂದು ಬಸ್ಸಿತ್ತು, ನನಗೆ ಗೊತ್ತಿತ್ತು, ಗೊತ್ತಿದ್ದೂ ಬಿಟ್ಟೆ. ಹಾಗಂದಿದ್ದರೆ ಭಾವನ ಸುಳ್ಳು ಎಲ್ಲರ ಸುಳ್ಳಾಗುತ್ತಿತ್ತು, ಒಬ್ಬರ ತಲೆಗೆ ಕಟ್ಟಲು ಬರುತ್ತಿರಲಿಲ್ಲ. ಅವಳ ಕೆಲಸ ಮಾತ್ರ ಖಂಡಿತ ಹೋಗುತ್ತಿತ್ತು.

"ನಮಗೆ ಕೊಟ್ಟ ಮಾಹಿತಿ ಸರಿ ಇದೆ ಅಂತ ನಂಬಿ ಮಾಡೆಲ್ ಮಾಡಿದ್ವಿ," ಎಂದಳು ಅವಳು. "ಕಾರ್ಡೇ ತಪ್ಪಿದ್ರೆ ಮಾಡೆಲ್ ಏನು ಮಾಡೋಕಾಗತ್ತೆ ಸರ್?"

ಭಾವ ತಲೆ ತಗ್ಗಿಸಿದರು. "ಕಾರ್ಡು ಬರೆದಿದ್ದು ನಾನೇ," ಎಂದರು. "ಬೇರೆ ಯಾರಿಗೂ ಗೊತ್ತಿಲ್ಲ."

ಅವರನ್ನು ಆ ವಾರವೇ ಕೆಲಸದಿಂದ ತೆಗೆದರು. ಪಿಂಚಣಿಯೂ ಹೋಯಿತು.

ಅವಳಿಗೆ ಮಾಡೆಲ್ ಹೊಸದಾಗಿ ಮಾಡಲು ಹೇಳಿದರು. ಈ ಸಲ ಅವಳು ಅಜ್ಜಿಯನ್ನು ಸೇರಿಸಿದಳು. 'ಬಿಡಿಭಾಗ ಮೂಲ ವಾಹನ' ಎಂದು ಅದಕ್ಕೆ ಹೆಸರಿಟ್ಟು, ಪ್ರತಿ ಡಿಪೋಗೂ ಒಂದನ್ನು ಅಧಿಕೃತವಾಗಿ ಇಡಬೇಕು ಎಂದು ಬರೆದಳು. ಗೆರೆಗಳು ಒಂದರ ಮೇಲೊಂದು ಕೂತವು. ನಗರಸಭೆಯವರು ತಿದ್ದಿದ ಗುತ್ತಿಗೆಗೆ ಸಹಿ ಹಾಕಿದರು. ಹೊಸ ವಿಚಾರವೆಂದರೆ ಹೀಗಿರಬೇಕು ಎಂದು ಮ್ಯಾನೇಜರ್ ಎಲ್ಲರೆದುರು ಚಪ್ಪಾಳೆ ತಟ್ಟಿಸಿ, ಅವಳ ಕೈಗೊಂದು ಗಾಜಿನ ಫಲಕ ಕೊಟ್ಟ. ಅದನ್ನು ಅವಳು ಚೀಲದ ತಳಕ್ಕೆ ತುರುಕಿ ಮನೆಗೆ ತಂದಳು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪೇಪರಿನಲ್ಲಿ ಫೋಟೋ ಬಂದಿತ್ತು, ಅಕ್ಕನಿಗೆ ಓದಲು ಬರುತ್ತಿತ್ತು.

"ಅವರು ನಿನ್ ವಿಷಯ ಯಾರ ಹತ್ರಾನೂ ಎತ್ತಿಲ್ಲ, ಎತ್ತೋದೂ ಇಲ್ಲ," ಎಂದಳು. "ಆದ್ರೆ ಅವತ್ತು ಬಡಿಸ್ತಾ ನಿಂತಿದ್ದವಳು ನಾನು. ನೀನು ಕೇಳಿದ್ದು ನನ್ ಕಿವಿಗೂ ಬಿದ್ದಿದೆ. ಮೇಲೆ ನಿನ್ ಹೆಜ್ಜೆ ಸಪ್ಪಳ ಕೇಳ್ತಾ ಇಲ್ಲಿ ಕೂತು ಅವರಿಗೆ ಊಟಕ್ಕಿಡೋಕೆ ನನ್ ಕೈಲಾಗಲ್ಲ. ಬೇರೆ ಮನೆ ನೋಡ್ಕೋ."

ಅವಳು ಬೇರೆ ಮನೆ ನೋಡಿಕೊಂಡಳು. ಸಾಮಾನು ಇಳಿಸುವ ದಿನ ಅಕ್ಕ ಹೊರಗೆ ಬರಲಿಲ್ಲ. ಭಾವ ಬಂದರು. ಬೇಡವೆಂದರೂ ಕೇಳದೆ ಮೇಜಿನ ಒಂದು ತುದಿ ಹಿಡಿದು ಮೆಟ್ಟಿಲಿಳಿದರು. ಅವರ ಉಗುರುಗಳಲ್ಲಿ ಗ್ರೀಸು ಇರಲಿಲ್ಲ. ಅಷ್ಟು ಶುಭ್ರವಾದ ಕೈಗಳನ್ನು ಅವಳು ಎಂದೂ ಕಂಡಿರಲಿಲ್ಲ, ನೋಡಲಾಗಲಿಲ್ಲ.

"ಭಾವ, ಒಂದ್ಸಲ ಬೈದುಬಿಡಿ ನನ್ನ."

"ಏನಂತ ಬೈಲಿ? ಸೇರಿಸ್ಬೇಡ ಅಂದವನು ನಾನೇ ಅಲ್ವಾ?" ಅವರು ಮೇಜನ್ನು ಗಾಡಿಯ ಪಕ್ಕ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಂಡರು. "ಅವತ್ತು ಆ ರೂಮಲ್ಲಿ ನೀನು ಅದನ್ನೇ ಹೇಳ್ಬಹುದಿತ್ತು. ನಮ್ಮ ಭಾವ ಬೇಡ ಅಂದ್ರು ಅಂತ. ನಂಗೆ ಅಷ್ಟೇ ಸಾಕಿತ್ತು. ನೀನು ನನ್ನ ಗುರುತೇ ಇಲ್ಲದವಳ ಹಾಗೆ ಕೂತಿದ್ದೆ."

ಭಾವ ಗಾಡಿಯವನಿಗೆ, ಮೇಜಿನ ಕಾಲು ಹುಷಾರು, ಒಂದು ಸ್ವಲ್ಪ ಸಡಿಲ ಇದೆ, ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.